ಪಹಣಿ ಓದೋರಿಗೆ ಫೋಲ್ಡರ್ ಅರ್ಥವಾಗೋಲ್ವೇ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ಸೋಲೂರು. ಬೆಂಗಳೂರಿನಿಂದ ಹಾಸನದ ಕಡೆ ಹೋಗುವಾಗ ನೆಲಮಂಗಲ ದಾಟಿ, ಕುಣಿಗಲ್ ಬರೋಕೆ ಮುಂಚೆ ಸಿಗುತ್ತಲ್ಲ, ಅದೇ. ನಿಮ್ಮಲ್ಲಿ ಎಷ್ಟೋ ಜನ ಬಸ್ಸಿನಲ್ಲಿ ನಿದ್ದೆ ಮಾಡ್ತಾ ದಾಟಿರ್ತೀರಿ :-)

ಅಮ್ಮನ ಯಾವುದೋ ಕಾಗದದ ಜೆರಾಕ್ಸ್ ಬೇಕಿತ್ತು. ರಸ್ತೆ ಬದಿಯ ಒಂದು ಪುಟ್ಟ ಅಂಗಡಿಗೆ ಹೋದೆ. ಜೆರಾಕ್ಸು, ಪ್ರಿಂಟು, ರೀಚಾರ್ಜು, ಲ್ಯಾಮಿನೇಷನ್ನು ಎಲ್ಲಾ ಅಲ್ಲೇ. ನನಗಿಂತ ಮುಂಚೆ ಒಬ್ಬ ಹಿರಿಯರು ನಿಂತಿದ್ದರು. ವಯಸ್ಸು ಅರವತ್ತು ದಾಟಿರಬಹುದು. ಬೆಂಗಳೂರಲ್ಲಿರೋ ತಂಗಿ ಮಗ ಯಾವತ್ತೋ ಬಂದಾಗ ಅವರ ಫೋನಿಗೇ ಪಹಣಿ ಇಳಿಸಿಕೊಟ್ಟು ಹೋಗಿದ್ದಾನೆ. ಅದರ ಪ್ರಿಂಟ್ ಬೇಕು.

"ಎಲ್ಲೈತಣ್ಣ ಫೈಲು?" ಅಂದ ಅಂಗಡಿ ಹುಡುಗ.

"ಇದ್ರಲ್ಲೇ ಐತೆ ಕಣಪ್ಪ. ಅವತ್ತು ತೋರಿಸ್ದ."

"ಸರಿ, ನನ್ ನಂಬರ್‌ಗೆ ವಾಟ್ಸಾಪ್ ಮಾಡ್ಬಿಡಿ."

ಅವರಿಗೆ ಬರಲಿಲ್ಲ. ಹುಡುಗನೇ ಫೋನ್ ಈಸ್ಕೊಂಡ. ಗ್ಯಾಲರಿ ತೆಗೆದ, ಅಲ್ಲಿಲ್ಲ. ಮೊಮ್ಮಗಳ ನಾಮಕರಣದ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಮನೆಯವರ ಸ್ಕ್ಯಾನಿಂಗ್ ರಿಪೋರ್ಟು, ಎಲ್ಲಾ ಆ ಹುಡುಗನ ಹೆಬ್ಬೆರಳಿನ ಕೆಳಗೆ ಸರಸರ ಅಂತ ಹೋಯ್ತು. ಕೊನೆಗೆ ಡೌನ್‌ಲೋಡ್‌ನಲ್ಲಿ ಸಿಕ್ಕಿತು. ಹೆಸರೇನಿತ್ತು ಅಂತೀರಾ? ಉದ್ದಕ್ಕೆ ಒಂದು ನಂಬರು, ಅಷ್ಟೇ. ಹುಡುಗ ತನ್ನ ಫೋನಿಗೆ ಕಳಿಸಿಕೊಂಡ, ಪ್ರಿಂಟ್ ಹಾಕಿದ, ದುಡ್ಡು ತಗೊಂಡ.

ಅವರು ಹೋದ ಮೇಲೆ ಕೇಳಿದೆ, "ಇವೆಲ್ಲಾ ಆಮೇಲೆ ಡಿಲೀಟ್ ಮಾಡ್ತೀಯೇನಪ್ಪ?"

ನಕ್ಕುಬಿಟ್ಟ. "ಟೈಮ್ ಎಲ್ಲಿ ಸಾರ್? ಫೋನ್ ಫುಲ್ ಆದಾಗ ಒಂದ್ಸಲ ಹೊಡೀತೀನಿ." ನಾನು ಕೇಳದೇ ಇದ್ದರೂ ತೋರಿಸಿದ. ಸುತ್ತಮುತ್ತಲ ಹಳ್ಳಿಗಳ ಆಧಾರು, ಪಾನು, ಮಾರ್ಕ್ಸ್ ಕಾರ್ಡು, ಪಹಣಿ... ಸಾಲು ಸಾಲು.

ಆ ಹುಡುಗ ಕಳ್ಳ ಅಲ್ಲ. ಒಳ್ಳೇ ಹುಡುಗ, ಚಿಲ್ಲರೆ ಇಲ್ಲದಿದ್ದರೆ ಆಮೇಲೆ ಕೊಡಿ ಅನ್ನೋ ಜಾತಿ. ನನಗೆ ಭಯ ಆಗಿದ್ದೇ ಅದಕ್ಕೆ. ಯಾರೂ ಕದಿಯದೇನೇ, ಹತ್ತಾರು ಹಳ್ಳಿಗಳ ಕಾಗದಪತ್ರ ಒಬ್ಬನ ಪ್ಯಾಂಟಿನ ಜೇಬಿಗೆ ಬಂದು ಕೂತಿದೆ.

ಇದನ್ನ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಸಾಫ್ಟ್‌ವೇರಿನಲ್ಲಿರೋ ಒಬ್ಬ ಗೆಳೆಯನಿಗೆ ಹೇಳಿದೆ. ಅವನ ಉತ್ತರ ರೆಡಿಯಾಗಿತ್ತು. "ಫೋಲ್ಡರು, ಫೈಲು ಇವೆಲ್ಲಾ ಹಳೇ ಕಾಲದ್ದು ಮಾರಾಯ. ಸಾಮಾನ್ಯ ಜನಕ್ಕೆ ಅದು ಅರ್ಥ ಆಗಲ್ಲ. ಅದಕ್ಕೇ ಫೋನಿನಲ್ಲಿ ಬಚ್ಚಿಟ್ಟಿರೋದು. ಬೇಕಾದ್ರೆ ಸರ್ಚ್ ಮಾಡ್ಕೋಬೇಕಪ್ಪ."

ಈ ಮಾತು ನೀವೂ ಕೇಳಿರ್ತೀರಿ. ನನಗೆ ಮೈ ಉರಿಯೋದು ಈ ಮಾತಿಗೇ. ಈ ಪೋಸ್ಟ್ ಬರೀತಿರೋದೂ ಇದಕ್ಕೇ.

ಸಾಮಾನ್ಯ ಜನಕ್ಕೆ ಫೋಲ್ಡರ್ ಅರ್ಥ ಆಗಲ್ವಂತೆ! ಸ್ವಾಮೀ, ಆ ಹಿರಿಯರ ಕೈಲಿದ್ದ ಪಹಣಿ ಏನು? ಮೇಲ್ಗಡೆ ತಾಲ್ಲೂಕು, ಹೋಬಳಿ, ಗ್ರಾಮ. ಅದರೊಳಗೆ ಸರ್ವೆ ನಂಬರು. ಅದರೊಳಗೆ ಹಿಸ್ಸೆ. ಒಂಬತ್ತನೇ ಕಲಮಿನಲ್ಲಿ ಯಾರ ಹೆಸರು, ಹನ್ನೊಂದರಲ್ಲಿ ಯಾವ ಸಾಲ ಅಂತ ಆ ಮನುಷ್ಯ ಕನ್ನಡಕ ಇಲ್ಲದೆ ಹೇಳ್ತಾನೆ. ತಾತನ ಕಾಲದಲ್ಲಿ ಒಂದೇ ನಂಬರ್ ಆಗಿದ್ದದ್ದು ಅಣ್ಣತಮ್ಮಂದಿರ ಭಾಗವಾಗಿ ಬಾರ್ ಒಂದು, ಬಾರ್ ಎರಡು, ಬಾರ್ ಮೂರು ಆಗಿದ್ದು ಯಾವಾಗ, ಯಾರ ಬಾರು ಯಾರಿಗೆ ಹೋಯ್ತು, ಎಲ್ಲಾ ಬಾಯಲ್ಲೇ ಇರುತ್ತೆ. ಇದು ಫೋಲ್ಡರ್ ಅಲ್ಲದೆ ಇನ್ನೇನು? ಫೋಲ್ಡರ್, ಅದರೊಳಗೊಂದು ಫೋಲ್ಡರ್, ಕೊನೆಗೆ ಫೈಲು. ಸಾಫ್ಟ್‌ವೇರ್ ಹುಟ್ಟೋಕೆ ಮುಂಚಿನಿಂದ ನಮ್ಮ ರೈತ ಇದನ್ನ ತಲೆಯಲ್ಲಿ ಹೊತ್ಕೊಂಡು ಓಡಾಡ್ತಿದ್ದಾನೆ.

ನಮ್ಮೂರಿನವರಿಗಂತೂ ಒಂದು ಹೆಜ್ಜೆ ಜಾಸ್ತಿನೇ ಗೊತ್ತು. ಸೋಲೂರು ಇದ್ದಲ್ಲೇ ಇದೆ, ಒಂದಿಂಚೂ ಅಲ್ಲಾಡಿಲ್ಲ. ಆದರೆ ಅದರ ಫೋಲ್ಡರು? ಮೊದಲು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು. ಕಂದಾಯದ ಲೆಕ್ಕಕ್ಕೆ ಮಾಗಡಿ ತಾಲ್ಲೂಕು ಅಂತಲೇ ನಾವು ಬರ್ಕೊಂಡು ಬಂದಿದ್ದು, ಆದರೆ 2008ರಿಂದ ವಿಧಾನಸಭೆಗೆ ವೋಟು ಹಾಕೋದು ನೆಲಮಂಗಲ ಕ್ಷೇತ್ರಕ್ಕೆ. ಕಂಪ್ಯೂಟರ್ ಭಾಷೆಯಲ್ಲಿ ಹೇಳೋದಾದ್ರೆ, ಫೈಲ್ ಅದೇ, ಪಾತ್ ನಾಲ್ಕು, ಮೇಲೊಂದು ಶಾರ್ಟ್‌ಕಟ್ಟು. ಇಷ್ಟೆಲ್ಲಾ ಆದರೂ ನಮ್ಮೂರಲ್ಲಿ ಯಾರೂ ಮನೆ ದಾರಿ ತಪ್ಪಿಲ್ಲ. ಯಾಕೆ ಗೊತ್ತಾ? ಹೆಸರು ಬದಲಾದಾಗೆಲ್ಲಾ ಅವರ ಮುಂದೆಯೇ ಬದಲಾಯ್ತು. ಬೋರ್ಡ್ ಹಾಕಿದ್ರು, ಪೇಪರಲ್ಲಿ ಬಂತು, ಜನ ಜಗಳ ಆಡಿದ್ರು, ಗೊತ್ತಾಯ್ತು.

ಫೋನಿನಲ್ಲಿ ಹಾಗಾಗುತ್ತಾ? ಒಂದು ಉದಾಹರಣೆ ಕೊಡ್ತೀನಿ. ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸಾಪ್ ಫೋಲ್ಡರು ಮೆಮೊರಿ ತೆರೆದ ತಕ್ಷಣ ಕಣ್ಣಿಗೆ ಬೀಳೋ ಜಾಗದಲ್ಲಿತ್ತು. 2021ರ ಹೊತ್ತಿಗೆ ಅದು 'ಆಂಡ್ರಾಯ್ಡ್' ಫೋಲ್ಡರ್ ಒಳಗೆ, 'ಮೀಡಿಯಾ' ಒಳಗೆ, 'ಕಾಮ್ ಡಾಟ್ ವಾಟ್ಸಾಪ್' ಅನ್ನೋದರ ಒಳಗೆ ಹೋಗಿ ಕೂತಿತು. ನಿಮ್ಮ ಮನೆಯವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಕೇಳಿ ನೋಡಿ.

ಹೆಸರುಗಳ ಕಥೆ ಇನ್ನೂ ಚೆಂದ. ಫೋಟೋಗಳಿರೋ ಫೋಲ್ಡರಿಗೆ 'ಡಿಸಿಐಎಂ' ಅಂತ ಹೆಸರು. ನಮ್ಮ ಚಿಕ್ಕಪ್ಪ ಒಂದ್ಸಲ ಅದನ್ನ ನೋಡಿ "ಇದೇನೋ, ಡೀಸಿ ಆಫೀಸಿನದ್ದಾ?" ಅಂತ ಕೇಳಿದ್ದರು. ನಗಬೇಡಿ, ತಪ್ಪು ಅವರದ್ದಲ್ಲ. ಡಿಜಿಟಲ್ ಕ್ಯಾಮೆರಾ ಇಮೇಜಸ್ ಅನ್ನೋದರ ಚುಟುಕು ಅದು. ಕ್ಯಾಮೆರಾ ಕಾರ್ಡುಗಳಿಗೋಸ್ಕರ ಜಪಾನಿನವರು 1998ರಲ್ಲಿ ಮಾಡಿಕೊಂಡ ನಿಯಮದಿಂದ ಬಂದಿದ್ದು. ಫೈಲಿನ ಹೆಸರು ಎಂಟೇ ಅಕ್ಷರ ಅನ್ನೋದೂ ಅದರಲ್ಲೇ ಇತ್ತು. ಅದನ್ನೇ ಇವತ್ತಿಗೂ ಸೋಲೂರಿನ ರೈತನ ಫೋನಿನಲ್ಲಿ ಇಟ್ಟಿದ್ದಾರೆ. ಮೇಲೆ ಮೆನು ಎಲ್ಲಾ ಕನ್ನಡದಲ್ಲಿ, 'ಸೆಟ್ಟಿಂಗ್‌ಗಳು', 'ಡೌನ್‌ಲೋಡ್‌ಗಳು' ಅಂತ. ಒಳಗೆ ಬಗ್ಗಿ ನೋಡಿದರೆ ಐಎಂಜಿ, ಡಬ್ಲ್ಯೂಎ, ಸೊನ್ನೆ ಸೊನ್ನೆ ಏಳು. ಬಣ್ಣ ಬಳಿದಿರೋದು ಮುಂಬಾಗಿಲಿಗೆ ಮಾತ್ರ.

ನಮ್ಮ ಪಕ್ಕದ ಮನೆ ಹುಡುಗಿ ಡಿಗ್ರಿ ಓದ್ತಾಳೆ. ಓದೋದು ಟ್ಯಾಬಿನಲ್ಲಿ. ನೋಟ್ಸೆಲ್ಲಾ ಪಿಡಿಎಫ್. ತೆಗೆದು ನೋಡಿದ್ರೆ 'ಡಾಕ್ಯುಮೆಂಟ್', 'ಡಾಕ್ಯುಮೆಂಟ್ 1', 'ಡಾಕ್ಯುಮೆಂಟ್ 14'. ಅರ್ಥಶಾಸ್ತ್ರ ಯಾವುದು, ಕನ್ನಡ ಯಾವುದು ಅಂತ ಒಂದೊಂದೇ ತೆರೆದು ನೋಡ್ತಾಳೆ. ಹೆಸರು ಬದಲಾಯಿಸಬಹುದು ಅಂತ ನಾನು ತೋರಿಸಿದಾಗ "ಹೌದಾ ಅಣ್ಣಾ!" ಅಂದಳು. ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಎಡಿಟ್ ಮಾಡೋ ಹುಡುಗಿ ಅದು. ಬುದ್ಧಿ ಕಮ್ಮಿ ಅಲ್ಲ, ಯಾರೂ ತೋರಿಸಿಲ್ಲ.

ಇನ್ನು 'ಸರ್ಚ್ ಮಾಡ್ಕೊಳ್ಳಿ' ಅನ್ನೋ ಉಪದೇಶ. ಏನಂತ ಸರ್ಚ್ ಮಾಡೋದು? ಹೆಸರೇ ಇಲ್ಲದ್ದನ್ನ ಯಾವ ಹೆಸರಲ್ಲಿ ಕರೆಯೋದು? ಹೋಗಲಿ, ಕಷ್ಟಪಟ್ಟು ಕನ್ನಡದಲ್ಲಿ ಹೆಸರಿಟ್ಟಿರಿ ಅಂದ್ಕೊಳ್ಳಿ. ನಮ್ಮ ಊರಿನ ಹೆಸರನ್ನೇ ತಗೊಳ್ಳಿ. 'ಸೋ' ಅಕ್ಷರದ ಓತ್ವವನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ತುಂಡು ಮಾಡಿಯೂ ಬರೀಬಹುದು. ನೋಡೋಕೆ ಎರಡೂ ಒಂದೇ. ಎರಡನ್ನೂ ಒಂದೇ ಅಂತ ತಿಳ್ಕೊಳ್ಳೋ ಬುದ್ಧಿಯನ್ನ ಸಾಫ್ಟ್‌ವೇರಿಗೆ ಯಾರಾದರೂ ಕೊಟ್ಟಿರಬೇಕು. ಇಲ್ಲದಿದ್ರೆ ಒಂದನ್ನ ಹುಡುಕಿದರೆ ಇನ್ನೊಂದು ಸಿಗಲ್ಲ. ಅರ್ಕಾವೊತ್ತು ಒಡೆಯೋಕೆ ಹಾಕ್ತೀವಲ್ಲ ಕಣ್ಣಿಗೆ ಕಾಣದ ಜೋಡಕ, ಅದರದ್ದೂ ಇದೇ ಹಣೆಬರಹ. ಬರಹ, ನುಡಿ ಕಾಲದಿಂದ ಕುಟ್ಟಿಕೊಂಡು ಬಂದ ನಿಮಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ.

ಇನ್ನೊಂದಿದೆ. ಫೋನುಗಳಲ್ಲಿ ಸಾಮಾನ್ಯವಾಗಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು, ಅದರಲ್ಲೂ ಕೊಂಬು, ದೀರ್ಘಕ್ಕೆಲ್ಲಾ ಬೇರೆ ಲೆಕ್ಕ. 'ಸೋಲೂರು' ಅನ್ನೋ ಮೂರಕ್ಷರಕ್ಕೆ ಹದಿನೆಂಟು ಬೈಟ್ ಖರ್ಚು. ಅಂದರೆ ಅವರಿಗೆ 255 ಸಿಕ್ಕ ಕಡೆ ನಮಗೆ 85. ಪರವಾಗಿಲ್ಲ, ಒಂದು ಪಹಣಿಗೆ ಹೆಸರಿಡೋಕೆ ಅಷ್ಟು ಸಾಕು. ಆದರೆ ಸರ್ಚ್ ಇದೆಯಲ್ಲ ಅಂತ ಭಾಷಣ ಮಾಡೋರು ಯಾರ ಭಾಷೆ ಇಟ್ಕೊಂಡು ಮಾತಾಡ್ತಿದ್ದಾರೆ ಅನ್ನೋದಕ್ಕೆ ಇದು ಸಾಕ್ಷಿ.

ಗೆಳೆಯನ ವಾದದಲ್ಲಿ ಒಂದು ಮಾತು ಮಾತ್ರ ನಿಜ, ಅದನ್ನ ಒಪ್ಕೋಬೇಕು. ಬಚ್ಚಿಟ್ಟಿರೋದಕ್ಕೆ ಸುರಕ್ಷತೆಯ ಕಾರಣವೂ ಇದೆ. ಮುಂಚೆ ಒಂದು ಟಾರ್ಚ್ ಆಪ್ ಹಾಕ್ಕೊಂಡು 'ಅನುಮತಿಸಿ' ಅಂತ ಒತ್ತಿದರೆ ಅದು ನಿಮ್ಮ ಮೆಮೊರಿಯಲ್ಲಿರೋ ಫೋಟೋ, ಕಾಗದ ಎಲ್ಲಾ ಓದಬಹುದಿತ್ತು. ಇದನ್ನ ತಡೆಯೋಕೆ 2019ರ ಆಂಡ್ರಾಯ್ಡ್ 10ರಲ್ಲಿ ಹೊಸ ವ್ಯವಸ್ಥೆ ತಂದು, 2020ರ ಆಂಡ್ರಾಯ್ಡ್ 11ರಲ್ಲಿ ಬಿಗಿ ಮಾಡಿದರು. ಒಂದು ಆಪ್ ಇನ್ನೊಂದು ಆಪ್‌ನ ಮನೆಗೆ ನುಗ್ಗಬಾರದು ಅಂತ. ಒಳ್ಳೇದೇ. ಆದರೆ ಕಳ್ಳನಿಗೆ ಹಾಕಿದ ಬೀಗದ ಕೀಲಿಯನ್ನ ಮನೆ ಯಜಮಾನನಿಗೂ ಕೊಡಲಿಲ್ಲವಲ್ಲ! ಆಪ್‌ಗಳು ತಮ್ಮ ಫೈಲು ಇಟ್ಕೊಳ್ಳೋ ಜಾಗವನ್ನ ಫೋನಿನಲ್ಲಿ ನಾವೇ ಹಾಕ್ಕೊಂಡ ಫೈಲ್ ಮ್ಯಾನೇಜರಿನಿಂದಲೂ ತೆರೆಯೋಕೆ ಆಗದ ಹಾಗೆ ಮಾಡಿದರು. ಕಂಪ್ಯೂಟರಿಗೆ ಕೇಬಲ್ ಹಾಕಿ ಒದ್ದಾಡಬೇಕು. ಕಂಪ್ಯೂಟರ್ ಇಲ್ಲದವರು?

ಆಪಲ್‌ನವರಂತೂ ಈ ವಿಷಯದಲ್ಲಿ ಗುರುಗಳು. 2010ರಲ್ಲಿ ಐಪ್ಯಾಡ್ ಬಂತು. ಅದರಲ್ಲಿ 'ಫೈಲ್ಸ್' ಅಂತ ಒಂದು ಆಪ್ ಬರೋಕೆ 2017 ಆಯ್ತು. ಪೆನ್‌ಡ್ರೈವ್ ಹಾಕಿ ಓದೋಕೆ 2019. ಏಳೆಂಟು ವರ್ಷ 'ನಿಮಗದು ಬೇಡ' ಅಂತ ಹೇಳಿ, ಆಮೇಲೆ ಅವರೇ ಕೊಟ್ಟರು. ಬೇಡ ಅನ್ನೋದು ನಿಜವಾಗಿದ್ರೆ ಯಾಕಪ್ಪಾ ಕೊಟ್ರಿ?

ಇದರಲ್ಲಿ ಲಾಭ ಯಾರಿಗೆ ಅಂತಲೂ ನೋಡಿ. ಒಂದು ಕಾಲಕ್ಕೆ ಫೋನಿನ ಬೆನ್ನು ಬಿಚ್ಚಿದರೆ ಮೆಮೊರಿ ಕಾರ್ಡು. ಕಿತ್ತು ಇನ್ನೊಂದು ಫೋನಿಗೆ ಹಾಕಿದರೆ ಮುಗೀತು, ಅಪ್ಪನ ಹಾಡೂ ಅಮ್ಮನ ಫೋಟೋನೂ ಕೈಯಲ್ಲಿ. ಆಮೇಲೆ ದುಬಾರಿ ಫೋನುಗಳಿಂದ ಶುರುವಾಗಿ ಆ ಕಿಂಡಿಯೇ ಮಾಯವಾಗ್ತಾ ಬಂತು. 'ಕ್ಲೌಡ್ ಇದೆಯಲ್ಲ' ಅಂದರು. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟಾದ್ರೂ ಇಡಿ ಬಿಟ್ಟಿ ಅಂತು. ಎಲ್ಲರೂ ಇಟ್ಟ ಮೇಲೆ 2021ರ ಜೂನ್ 1ರಿಂದ ಬಿಟ್ಟಿ ನಿಂತು, ಮೇಲು, ಡ್ರೈವು, ಫೋಟೋ ಎಲ್ಲಾ ಸೇರಿ 15 ಜಿಬಿ ಅಂತ ಆಯ್ತು. ಎರಡು ವರ್ಷ ಅಕೌಂಟ್ ಬಳಸದಿದ್ರೆ ಅಳಿಸಬಹುದು ಅನ್ನೋ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂತು. ತನ್ನ ಫೈಲು ಎಲ್ಲಿದೆ ಅಂತ ಗೊತ್ತಿರೋನು ಅದನ್ನ ಇನ್ನೊಂದು ಕಡೆ ಎತ್ತಿಟ್ಕೋತಾನೆ. ಗೊತ್ತಿಲ್ಲದೋನು ತಿಂಗಳು ತಿಂಗಳು ಬಾಡಿಗೆ ಕಟ್ತಾನೆ. ಲೆಕ್ಕ ಇಷ್ಟೇ.

ಕಡತ ಅನ್ನೋ ಪದ ಬಳಸ್ತೀವಲ್ಲ ಫೈಲಿಗೆ, ಅದರ ಮೂಲ ಏನು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಮಸಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಮಡಿಸಿ ಮಡಿಸಿ ಇಡ್ತಿದ್ದ ಪುಸ್ತಕ. ಫೋಲ್ಡರ್ ಅಂದರೂ ಮಡಿಸೋದೇ ತಾನೇ! ಊರಿನ ಲೆಕ್ಕದ ಕಡತ ಶಾನುಭೋಗರ ಮನೆಯಲ್ಲಿರ್ತಿತ್ತು. ಅದನ್ನ ಓದೋಕೆ ಬರ್ತಿದ್ದಿದ್ದೂ ಹೆಚ್ಚಾಗಿ ಅವರಿಗೇ. ಯಾರ ಹೊಲ ಯಾರದ್ದು ಅಂತ ತಿಳಿಯೋಕೆ ಅವರ ಜಗಲಿ ಮುಂದೆ ನಿಲ್ಲಬೇಕಿತ್ತು. ವಂಶಪಾರಂಪರ್ಯದ ಆ ಹುದ್ದೆ ಹೋಗೋಕೆ 1961ರ ಕಾಯಿದೆ ಬೇಕಾಯ್ತು. 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬರೋಕೆ 2000 ದಾಟಬೇಕಾಯ್ತು. ಅಷ್ಟು ದೂರ ನಡೆದು ಬಂದು, ಕಾಗದ ನಮ್ಮದೇ ಜೇಬಿನ ಫೋನಿಗೆ ಬಂದ ಮೇಲೆ, ಈಗ ಅದನ್ನ ಹುಡುಕಿಕೊಡು ಅಂತ ಮತ್ತೆ ಇನ್ನೊಬ್ಬರ ಅಂಗಡಿ ಮುಂದೆ ನಿಂತಿದ್ದೀವಿ. ಶಾನುಭೋಗರ ಜಗಲಿ ಹೋಯ್ತು, ಜೆರಾಕ್ಸ್ ಅಂಗಡಿ ಕಟ್ಟೆ ಬಂತು.

ಇದು ಸುಮ್ಮನೆ ಹೇಳೋ ಮಾತಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಪ್ರತಿಯನ್ನ ಕಂಡಕಂಡವರಿಗೆ ಕೊಡಬೇಡಿ, ಇಂಟರ್‌ನೆಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸ್ಕೊಳ್ಳೋದನ್ನ ತಪ್ಪಿಸಿ, ಇಳಿಸ್ಕೊಂಡ್ರೆ ಎಲ್ಲಾ ಪ್ರತಿಗಳನ್ನೂ ಪೂರ್ತಿ ಅಳಿಸಿ ಬನ್ನಿ ಅಂತ. ದೇಶವೆಲ್ಲಾ ಗಾಬರಿ ಬಿತ್ತು. ಎರಡೇ ದಿನಕ್ಕೆ, ಜನ ತಪ್ಪು ತಿಳ್ಕೋಬಹುದು ಅಂತ ಅದನ್ನ ವಾಪಸ್ ತಗೊಂಡ್ರು. ಪ್ರಕಟಣೆ ವಾಪಸ್ ಹೋಯ್ತು, ಅಂಗಡಿ ಫೋನಿನಲ್ಲಿದ್ದ ಪ್ರತಿಗಳು ಹೋಗಲಿಲ್ಲ. 'ಅಳಿಸಿ ಬನ್ನಿ' ಅಂದರೆ ಎಲ್ಲಿಂದ ಅಳಿಸೋದು? ತನ್ನ ಫೋನಿನಲ್ಲಿ ಎಲ್ಲಿದೆ ಅಂತಲೇ ಗೊತ್ತಿಲ್ಲದೋನು ಇನ್ನೊಬ್ಬನ ಫೋನಿನಲ್ಲಿ ಹುಡುಕಿ ಅಳಿಸ್ತಾನಾ?

ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಿಬಿಡ್ತೀನಿ. ಇಲ್ಲದಿದ್ರೆ ಮೋಸ ಆಗುತ್ತೆ.

ನಮ್ಮಜ್ಜಿ ಸೋಬಾನೆ ಪದ ಹಾಡ್ತಿದ್ದಳು. ಮದುವೆ ಮನೆಯಲ್ಲಿ ಎಣ್ಣೆ ಹಚ್ಚುವಾಗ ಶುರು ಮಾಡಿದರೆ ನಿಲ್ಲಿಸೋಕೆ ಯಾರಾದ್ರೂ ಊಟಕ್ಕೆ ಕರೀಬೇಕಿತ್ತು. ಒಂದು ಬೇಸಿಗೆಯಲ್ಲಿ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಹನ್ನೊಂದು ಪದ. ನಡುವೆ ಕೋಳಿ ಕೂಗಿದ್ದು, ಅವಳು ಮರೆತು "ಆಮೇಲೆ ಏನೋ ಐತೆ ಕಣೋ" ಅಂದಿದ್ದು, ಎಲ್ಲಾ ಇತ್ತು. ಮೂರು ವರ್ಷದ ಮೇಲೆ ಫೋನ್ ಬದಲಾಯಿಸಿದೆ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟೆ. ಫೋಟೋ ಬಂತು, ನಂಬರ್‌ಗಳು ಬಂತು, ಮೆಸೇಜೂ ಬಂತು. ಪದ ಬರಲಿಲ್ಲ. ಅವು ಆ ರೆಕಾರ್ಡರ್ ಆಪ್‌ನ ಸ್ವಂತ ಜಾಗದಲ್ಲಿದ್ದವು. ಅಂಥಾ ಜಾಗದಲ್ಲಿರೋದನ್ನ ನಾವಾಗಿ ಹೊರಗೆ ಎತ್ತಿಡದಿದ್ರೆ ಆಪ್ ಹೋದರೆ ಅದರ ಜೊತೆಗೇ ಹೋಗುತ್ತೆ. ಇದು ನನಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ, ಅಜ್ಜಿ ತೀರಿಕೊಂಡ ದಿನ ರಾತ್ರಿ ಕೇಳೋಣ ಅಂತ ತೆಗೆದಾಗ.

ಫೈಲಿಗೆ ನಾನಿಟ್ಟಿದ್ದ ಹೆಸರೇನು? ಏನೂ ಇಲ್ಲ. 'ವಾಯ್ಸ್ 003', 'ವಾಯ್ಸ್ 004'. ಬ್ಲಾಗ್ ಬರೆಯೋನು, ಯೂನಿಕೋಡ್ ಅಂತ ಊರೆಲ್ಲಾ ಭಾಷಣ ಮಾಡೋನು, ಅಜ್ಜಿ ಹೆಸರು ಒಂದನ್ನ ಟೈಪ್ ಮಾಡೋಕೆ ಸೋಮಾರಿತನ ಮಾಡಿದ್ದೆ. ಹಾಗಾಗಿ ಆ ಹಿರಿಯರ ಮೇಲೆ ನಗೋ ಯೋಗ್ಯತೆ ನನಗಿಲ್ಲ.

ಮತ್ತೇನು ಮಾಡೋದು? ಕಂಪನಿಗಳಿಗೆ ನಾನು ಕೇಳೋದು ದೊಡ್ಡದೇನಲ್ಲ. ಒಂದು ಫೈಲ್ ಸೇವ್ ಆದಾಗ ಎಲ್ಲಿ ಆಯ್ತು ಅಂತ ಕನ್ನಡದಲ್ಲಿ ಹೇಳಿ, ಏನು ಹೆಸರಿಡಲಿ ಅಂತ ಒಂದು ಸಲ ಕೇಳಿ. ಆಪ್‌ನ ಒಳಮನೆಯಲ್ಲಿರೋದನ್ನ ನೋಡೋ ಕೀಲಿ ಯಜಮಾನನಿಗೂ ಕೊಡಿ. ಆಪ್ ತೆಗೆಯೋಕೆ ಮುಂಚೆ 'ಇದರೊಳಗೆ ನಿಮ್ಮ ಹನ್ನೊಂದು ಫೈಲ್ ಇದೆ, ಅದೂ ಹೋಗುತ್ತೆ' ಅಂತ ಒಂದು ಮಾತು ಹೇಳಿ. ಸರ್ಕಾರದವರಿಗೂ ಒಂದು ಕೋರಿಕೆ. ಪಹಣಿ ಇಳಿಸಿದರೆ ಫೈಲಿನ ಹೆಸರಲ್ಲೇ ಊರು, ಸರ್ವೆ ನಂಬರು, ತಾರೀಖು ಬರೋ ಹಾಗೆ ಮಾಡಿ. ದುಡ್ಡು ಖರ್ಚಾಗೋ ಕೆಲಸ ಅಲ್ಲ.

ಆದರೆ ಅವರು ಮಾಡೋವರೆಗೆ ನಾವು? ಕನ್ನಡದಲ್ಲಿ ಫೋನಿನ ಬಗ್ಗೆ ಬರೆಯೋ ನಾವು ಎಷ್ಟು ಮೆಗಾಪಿಕ್ಸೆಲ್, ಎಷ್ಟು ರ‍್ಯಾಮ್ ಅಂತಲೇ ಬರೀತೀವಿ. ಮುಂದಿನ ಸಲ ಊರಿಗೆ ಹೋದಾಗ ಒಬ್ಬರಿಗೆ, ಒಬ್ಬರಿಗಾದರೂ, ಮೂರು ಕೆಲಸ ತೋರಿಸಿಕೊಡಿ. ಫೈಲ್‌ಗಳ ಆಪ್ ಎಲ್ಲಿದೆ ಅಂತ ತೋರಿಸಿ. 'ಮನೆ ಕಾಗದ' ಅಂತ ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ ಪಹಣಿ, ಆಧಾರ್ ಅದಕ್ಕೆ ಹಾಕಿ ಹೆಸರಿಟ್ಟು ಕೊಡಿ. ಅದರ ಒಂದು ಪ್ರತಿ ಪೆನ್‌ಡ್ರೈವಿಗೋ ಕಾರ್ಡಿಗೋ ಹಾಕಿ ಟ್ರಂಕಿನಲ್ಲಿಡಿ. ಕಾಲು ಗಂಟೆ ಕೆಲಸ.

ನಾನು ಅವತ್ತು ಸಂಜೆ ಅಮ್ಮನ ಫೋನಿನಲ್ಲಿ ಇದನ್ನ ಮಾಡಿದೆ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ತೋರಿಸ್ತಾ, ಅರ್ಥ ಆಯ್ತಾ ಅಂತ ಕೇಳಿದೆ. ಅಮ್ಮ ಕನ್ನಡಕ ಸರಿ ಮಾಡ್ಕೊಂಡು, "ಇದ್ರಲ್ಲೇನೈತೋ ಅರ್ಥ ಆಗಕ್ಕೆ, ಬೀರು ಒಳಗೆ ಡಬ್ಬ, ಡಬ್ಬ ಒಳಗೆ ಕವರ್ರು" ಅಂದಳು.

ಈ ಮಾತನ್ನ ಆ ಗೆಳೆಯನಿಗೆ ಕಳಿಸಿದ್ದೀನಿ. ಇನ್ನೂ ಉತ್ತರ ಬಂದಿಲ್ಲ :-)

ನಿಮ್ಮೂರಿನ ಅಂಗಡಿಯಲ್ಲಿ ಹೇಗೆ? ನಿಮ್ಮ ಫೋನಿನಲ್ಲಿ ಹೆಸರಿಲ್ಲದೆ ಬಿದ್ದಿರೋ ದನಿ ಯಾರದ್ದಾದರೂ ಇದ್ದರೆ ಮೊದಲು ಅದಕ್ಕೊಂದು ಹೆಸರಿಟ್ಟು, ಎತ್ತಿಟ್ಟು, ಆಮೇಲೆ ಬಂದು ಬರೀರಿ. ಕಾಯ್ತಿರ್ತೀನಿ.